ಏಡಿಯ ಕೊಂಡಿ: ಬೈರಮಂಗಲದ ಕೆರೆಯಿಂದ ನಮ್ಮ ಮೂಳೆಯವರೆಗೆ

ಕೆಲವು ವರ್ಷಗಳ ಹಿಂದೆ, ಶ್ರಾವಣ ಮಾಸದ ಒಂದು ಬೆಳಿಗ್ಗೆ, ಬೈರಮಂಗಲ ಕೆರೆಯ ಕೆಳಗಿನ ಕಾಲುವೆ ಬದಿಯ ಗ್ರಾಮದಿಂದ ಐವತ್ತು ದಾಟಿದ ರೈತರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಎರಡು ತಿಂಗಳಿಂದ ಹೊಟ್ಟೆಯಲ್ಲಿ ಹಿಂಡುವಂತಹ ನೋವು, ಬಿಗಿಯಾದ ಮಲಬದ್ಧತೆ, ಬಿಳಿಚಿದ ಮುಖ. ಗುದ್ದಲಿ ಹಿಡಿದು ನಾಲ್ಕು ಬಾರಿ ಎತ್ತುವಷ್ಟರಲ್ಲಿ ಮಣಿಕಟ್ಟು ಸೋತು ಬರುತ್ತದೆ ಎಂದರು. ನಾಡಿ ನೋಡಿದೆವು, ನಾಲಗೆ ನೋಡಿದೆವು. ವಸಡನ್ನು ನೋಡಿದಾಗ ಹಲ್ಲಿನ ಬುಡದಲ್ಲಿ ನೀಲಿ ಮಿಶ್ರಿತ ಕಪ್ಪು ಗೆರೆಯೊಂದು ಎಳೆದಂತೆ ಕಂಡಿತು. ಅದನ್ನು ಕಂಡೊಡನೆ ನಮ್ಮ ಮನಸ್ಸು ಸೀಸದ ಕಡೆಗೆ ಹೋಯಿತು.

ಅವರು ತಮ್ಮ ರೋಗವನ್ನು ತಾವೇ ನಿರ್ಣಯಿಸಿಕೊಂಡು ಬಂದಿದ್ದರು. "ಎಲ್ಲ ಆ ಕೆರೆಯ ನೀರಿನ ಪ್ರಭಾವ ಸ್ವಾಮಿ. ಮೈಯೊಳಗಿನ ವಿಷವನ್ನೆಲ್ಲ ಒಮ್ಮೆಗೇ ಎಳೆದು ಹೊರಹಾಕುವ ಔಷಧವಿದೆಯಂತೆ, ಅದನ್ನು ಕೊಡಿ" ಎಂದರು. ನಗರದ ಒಂದು ಚಿಕಿತ್ಸಾ ಕೇಂದ್ರದಲ್ಲಿ ನರಕ್ಕೆ ಹನಿಹನಿಯಾಗಿ ದ್ರಾವಣ ಬಿಟ್ಟು ರಕ್ತವನ್ನು ತೊಳೆಯುತ್ತಾರೆಂದು ಅವರ ನೆಂಟರೊಬ್ಬರು ಹೇಳಿದ್ದರಂತೆ. ಹತ್ತು ಬಾರಿಗೆ ಇಷ್ಟು ಎಂದು ಹಣವನ್ನೂ ಹೊಂದಿಸಿಟ್ಟುಕೊಂಡಿದ್ದರು. ಮೊದಲು ರಕ್ತದಲ್ಲಿ ಸೀಸದ ಪ್ರಮಾಣವನ್ನು ಪರೀಕ್ಷಿಸೋಣ, ಹಣ ಹಾಗೆಯೇ ಇರಲಿ ಎಂದು ಹೇಳಿ ಕಳುಹಿಸಿದೆವು. ಆ ಪರೀಕ್ಷೆಯ ಕಥೆಯನ್ನು ಮುಂದೆ ಹೇಳುತ್ತೇವೆ. ಅದಕ್ಕೂ ಮೊದಲು "ಎಳೆದು ಹಾಕುವುದು" ಎಂದರೇನು, ಲೋಹವನ್ನು ಹಿಡಿಯುವ ದ್ರವ್ಯಗಳು ಜೀವಿಗಳೊಳಗೆ ಏನು ಮಾಡುತ್ತವೆ ಎಂಬುದನ್ನು ಓದುಗ ಸದ್ಭಕ್ತರು ತಿಳಿಯುವುದು ಒಳ್ಳೆಯದು. ಈ ಭಾಗದ ಅನೇಕ ಕುಟುಂಬಗಳು ಇದೇ ಪ್ರಶ್ನೆಯನ್ನು ಹೊತ್ತು ನಮ್ಮಲ್ಲಿಗೆ ಬರುತ್ತಿವೆ.

ಬೆಂಗಳೂರಿನ ಬಸವನಗುಡಿಯಲ್ಲಿ, ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತಾಳೆಂದು ಹಿರಿಯರು ನಂಬಿದ ವೃಷಭಾವತಿ, ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯನ್ನು ಹಾದು, ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ ಬಿಡದಿ ಹೋಬಳಿಯ ಬೈರಮಂಗಲಕ್ಕೆ ಇಳಿಯುತ್ತಾಳೆ. 1940ರ ದಶಕದಲ್ಲಿ ಇಲ್ಲಿ ಕಟ್ಟಿದ ಜಲಾಶಯ ಸುತ್ತಲಿನ ಗ್ರಾಮಗಳ ಗದ್ದೆಗಳಿಗೆ ನೀರುಣಿಸಲೆಂದು ನಿರ್ಮಾಣವಾದದ್ದು. ಕೆರೆಯಲ್ಲಿ ಈಜು ಕಲಿತೆವು, ಬೊಗಸೆಯಲ್ಲಿ ನೀರು ಕುಡಿದೆವು ಎಂದು ಹೇಳುವ ವೃದ್ಧರು ಇಂದಿಗೂ ನಮ್ಮಲ್ಲಿಗೆ ಬರುತ್ತಾರೆ. ನಂತರ ನಗರ ಬೆಳೆಯಿತು. ತೊರೆಕಾಡನಹಳ್ಳಿಯಿಂದ ಮೇಲಕ್ಕೆತ್ತಿದ ಕಾವೇರಿಯ ನೀರನ್ನು ಬೆಂಗಳೂರಿನವರು ಬಳಸಿ ಬಿಟ್ಟದ್ದು, ಪೀಣ್ಯ ಮೊದಲಾದ ಕಡೆಗಳ ಕಾರ್ಖಾನೆಗಳು ತೊಳೆದು ಬಿಟ್ಟದ್ದು, ಎರಡೂ ಕೂಡಿ ವೃಷಭಾವತಿಯ ಹೆಸರಿನಲ್ಲಿ ಹರಿಯತೊಡಗಿತು. ಅದೇ ನೀರು ಬೈರಮಂಗಲದಿಂದ ಮುಂದೆ ಅರ್ಕಾವತಿಯನ್ನು ಸೇರಿ, ಕನಕಪುರದ ಸಂಗಮದಲ್ಲಿ ಮತ್ತೆ ಕಾವೇರಿಗೆ ಮರಳುತ್ತದೆ. ಮೊದಲು ಬೇಸಿಗೆಯಲ್ಲಿ ಬತ್ತುತ್ತಿದ್ದ ಹೊಳೆ ಈಗ ವರ್ಷವಿಡೀ ತುಂಬಿ ಹರಿಯುತ್ತದೆ. ಮಳೆಯಿಲ್ಲದ ವರ್ಷವೂ ಹುಲ್ಲು ಹಸುರಾಗಿರುವುದಕ್ಕೆ ಕಾರಣ ಅದೇ. ರೈತರು ಆ ನೀರನ್ನು ಸುಲಭವಾಗಿ ಬಿಡಲಾರದಿರುವುದಕ್ಕೂ ಕಾರಣ ಅದೇ. ಅವರನ್ನು ದೂರುವ ಅಧಿಕಾರ ನಮಗಾರಿಗೂ ಇಲ್ಲ.

ಈ ಕಣಿವೆಯ ನೀರು, ಹೂಳು, ಸೊಪ್ಪು, ಮೇವುಗಳನ್ನು ಅನೇಕ ಸಂಶೋಧಕರು ಪರೀಕ್ಷಿಸಿದ್ದಾರೆ. ಕ್ರೋಮಿಯಂ, ನಿಕಲ್, ತಾಮ್ರ, ಸತು, ಸೀಸ, ಕ್ಯಾಡ್ಮಿಯಂ ಎಂಬ ಹೆಸರುಗಳು ಅವರ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆಯ ತೂಬಿನ ಬಳಿ ಏಳುವ ಬಿಳಿ ನೊರೆಯನ್ನು ಕಂಡಾಗಲೆಲ್ಲ ನಮಗೆ ಸುಶ್ರುತ ಸಂಹಿತೆಯ ಕಲ್ಪಸ್ಥಾನ ನೆನಪಾಗುತ್ತದೆ. ವಿಷದಿಂದ ಕೆಟ್ಟ ನೀರು ಲೋಳೆಯಾಗಿರುತ್ತದೆ, ಉಗ್ರವಾದ ವಾಸನೆ ಬೀರುತ್ತದೆ, ನೊರೆಗಟ್ಟುತ್ತದೆ, ಮೇಲೆ ಗೆರೆಗಳು ಮೂಡುತ್ತವೆ, ಅದರಲ್ಲಿನ ಕಪ್ಪೆ ಮೀನುಗಳು ಸಾಯುತ್ತವೆ ಎಂಬ ವಿವರಣೆ ಅಲ್ಲಿದೆ. ಆಚಾರ್ಯರು ಹೇಳಿದ್ದು ಶತ್ರುರಾಜರು ವಿಷವಿಕ್ಕಿದ ಕೊಳಗಳ ಬಗ್ಗೆ. ನಮ್ಮ ಕೆರೆಗೆ ಯಾವ ಶತ್ರುವೂ ಬರಬೇಕಾಗಲಿಲ್ಲ.

ಆ ನೊರೆಯಿಂದಲೇ ನಮ್ಮ ವಿಷಯವನ್ನು ಆರಂಭಿಸಬಹುದು. ಗಡಸು ನೀರಿನಲ್ಲಿ ಸೋಪು ನೊರೆ ಬಿಡುವುದಿಲ್ಲವೆಂಬುದು ಎಲ್ಲ ಗೃಹಿಣಿಯರಿಗೂ ಗೊತ್ತು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಗಸಿಯಾಗಿಸುತ್ತವೆ. ಆದುದರಿಂದ ಬಟ್ಟೆ ಒಗೆಯುವ ಪುಡಿಗಳಲ್ಲಿ ಕ್ಯಾಲ್ಸಿಯಮನ್ನು ತಾನೇ ಮೊದಲು ಹಿಡಿದುಕೊಳ್ಳುವ ದ್ರವ್ಯವೊಂದನ್ನು ಸೇರಿಸುತ್ತಾರೆ. ಕೆಲವದರಲ್ಲಿ ಫಾಸ್ಫೇಟ್, ಕೆಲವದರಲ್ಲಿ ಸಿಟ್ರೇಟ್, ಕೈಗಾರಿಕೆಗಳಲ್ಲಿ ಹೆಚ್ಚಾಗಿ ಇಡಿಟಿಎ. ಲೋಹದ ಕಣವನ್ನು ಒಂದೇ ಕಡೆಯಿಂದಲ್ಲ, ಎರಡು, ನಾಲ್ಕು, ಆರು ಕಡೆಗಳಿಂದ ಏಕಕಾಲಕ್ಕೆ ಹಿಡಿಯುವ ಇಂತಹ ದ್ರವ್ಯಗಳಿಗೆ 1920ರಲ್ಲಿ ಮಾರ್ಗನ್ ಮತ್ತು ಡ್ರೂ ಎಂಬ ಇಂಗ್ಲಿಷ್ ರಸಾಯನವಿಜ್ಞಾನಿಗಳು "ಕೀಲೇಟ್" ಎಂಬ ಹೆಸರನ್ನಿತ್ತರು. ಗ್ರೀಕ್ ಭಾಷೆಯಲ್ಲಿ ಏಡಿಯ ಕೊಂಡಿಗೆ ಇರುವ ಮಾತಿನಿಂದ ಬಂದ ಹೆಸರು ಅದು. ಗದ್ದೆಯ ಬದುವಿನ ಬಿಲದಲ್ಲಿ ಕೈಯಿಟ್ಟು ಏಡಿಗೆ ಬೆರಳು ಕೊಟ್ಟವರಿಗೆ ಹೆಚ್ಚು ವಿವರಣೆ ಬೇಡ. ಒಂದೇ ಕೊಂಡಿಯಾಗಿದ್ದರೆ ಕೊಡವಿ ಬಿಡಿಸಿಕೊಳ್ಳಬಹುದು. ಎರಡೂ ಕಡೆಯಿಂದ ಹಿಡಿದರೆ ಬಿಡಿಸುವುದು ಕಷ್ಟ. ಈ ಲೇಖನದಲ್ಲಿ ಇವುಗಳನ್ನು "ಲೋಹಬಂಧಕ"ಗಳೆಂದು ಕರೆಯುತ್ತೇವೆ.

ಲೋಹಬಂಧಕವೆಂದೊಡನೆ ಯಾವುದೋ ಪ್ರಯೋಗಶಾಲೆಯ ವಸ್ತುವೆಂದು ಭಾವಿಸಬಾರದು. ನಮ್ಮ ರಕ್ತ ಕೆಂಪಾಗಿರುವುದು ಲೋಹಬಂಧಕದಿಂದ. ನಾಲ್ಕು ಸಾರಜನಕದ ಕೊಂಡಿಗಳುಳ್ಳ ಒಂದು ಬಳೆ ಕಬ್ಬಿಣದ ಕಣವನ್ನು ನಡುವೆ ಹಿಡಿದುಕೊಂಡಿರುತ್ತದೆ, ಆ ಕಬ್ಬಿಣವೇ ಪ್ರಾಣವಾಯುವನ್ನು ಹೊತ್ತು ತರುತ್ತದೆ. ಬಹುತೇಕ ಅಂತಹುದೇ ಬಳೆಯಲ್ಲಿ ಕಬ್ಬಿಣದ ಬದಲು ಮೆಗ್ನೀಸಿಯಂ ಕೂತರೆ ಅದು ಎಲೆಯ ಹಸುರು. ಕೋಬಾಲ್ಟ್ ಕೂತರೆ ಬಿ12 ಜೀವಸತ್ವ. ಕಬ್ಬಿಣವನ್ನು ರಕ್ತದಲ್ಲಿ ಸಾಗಿಸಲು ಒಂದು ಪ್ರೋಟೀನು, ಯಕೃತ್ತಿನಲ್ಲಿ ದಾಸ್ತಾನಿಡಲು ಇನ್ನೊಂದು. ದೇಹದಲ್ಲಿ ಲೋಹವೆಂಬುದು ಬಿಡಿಯಾಗಿ ಅಲೆಯುವುದೇ ಇಲ್ಲವೆನ್ನಬಹುದು, ಯಾವಾಗಲೂ ಯಾರದೋ ಹಿಡಿತದಲ್ಲಿರುತ್ತದೆ. ವಿಷಲೋಹಗಳ ಅಪಾಯವೂ ಇಲ್ಲಿಯೇ ಇದೆ. ಸೀಸವು ಕ್ಯಾಲ್ಸಿಯಂನ ಪೀಠದಲ್ಲಿ, ಸತುವಿನ ಪೀಠದಲ್ಲಿ ಹೋಗಿ ಕೂರುತ್ತದೆ. ಕೂತದ್ದು ಕೆಲಸ ಮಾಡುವುದಿಲ್ಲ, ಎದ್ದೂ ಹೋಗುವುದಿಲ್ಲ. ರಕ್ತದ ಕೆಂಪು ಬಳೆಯನ್ನು ತಯಾರಿಸುವ ಕಿಣ್ವವೊಂದಕ್ಕೆ ಸತು ಬೇಕು. ಸತುವಿನ ಜಾಗವನ್ನು ಸೀಸ ಆಕ್ರಮಿಸಿದರೆ ರಕ್ತ ತಯಾರಾಗುವುದು ಕುಂಠಿತವಾಗುತ್ತದೆ. ನಮ್ಮ ರೈತರ ಮುಖ ಬಿಳಿಚಿದ್ದು ಹೀಗೆ.

ಈಗ ಕೆರೆಯ ತಳಕ್ಕೆ ಇಳಿಯೋಣ. ಚರಂಡಿಯ ನೀರಿನಲ್ಲಿ ಕೊಳೆತ ಸಾವಯವ ಪದಾರ್ಥ ಹೇರಳವಾಗಿರುತ್ತದೆ. ಅದು ತಾನೇ ಲೋಹಬಂಧಕ. ಹರಿದು ಬಂದ ಲೋಹವನ್ನು ಅದು ಹಿಡಿದು ತಳಕ್ಕೆ ಎಳೆಯುತ್ತದೆ. ಗಾಳಿಯಾಡದ ಕಪ್ಪು ಕೆಸರಿನಲ್ಲಿ ಗಂಧಕ ಉತ್ಪತ್ತಿಯಾಗಿ ಲೋಹಗಳನ್ನು ಇನ್ನಷ್ಟು ಬಿಗಿಯಾಗಿ ಕಟ್ಟುತ್ತದೆ. ಅಲ್ಲಿಯವರೆಗೆ ಕೆರೆ ತನ್ನ ವಿಷವನ್ನು ತಾನೇ ನುಂಗಿಕೊಂಡಿರುವ ನೀಲಕಂಠನಂತೆ ಇರುತ್ತದೆ. ಆದರೆ ಆ ಕೆಸರನ್ನು ಎತ್ತಿ ಬಿಸಿಲಿಗೆ ಹರಡಿದರೆ ಗಾಳಿ ತಾಗಿ ಗಂಧಕದ ಕಟ್ಟು ಸಡಿಲವಾಗುತ್ತದೆ, ಲೋಹ ಮತ್ತೆ ಬಿಡುಗಡೆಯಾಗುತ್ತದೆ. ಬೇಸಿಗೆಯಲ್ಲಿ ಕೆರೆಯ ಗೋಡು ಮಣ್ಣನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುವುದು ನಮ್ಮ ಪೂರ್ವಿಕರ ಶ್ರೇಷ್ಠ ಪದ್ಧತಿ. ನಾವೂ ಬಾಲ್ಯದಲ್ಲಿ ಆ ಗಾಡಿಗಳ ಹಿಂದೆ ಓಡಿದವರು. ಬೇರೆ ಕೆರೆಗಳಲ್ಲಿ ಅದು ಇಂದಿಗೂ ಶ್ರೇಷ್ಠವೇ. ಬೈರಮಂಗಲದ ಹೂಳಿಗೆ ಮಾತ್ರ ಆ ಮಾತನ್ನು ಹಾಗೆಯೇ ಅನ್ವಯಿಸಲಾಗದು. ಮಣ್ಣು ಪರೀಕ್ಷೆಯಾಗದ ಹೊರತು ಸೊಪ್ಪಿನ ಮಡಿಗೆ ಅದನ್ನು ಹಾಕಬಾರದು. ಇಡಿಟಿಎಯಂತಹ ಬಲವಾದ ಬಂಧಕ ಕಾರ್ಖಾನೆಯ ನೀರಿನಲ್ಲಿ ಬಂದರೆ ಅದು ಇದಕ್ಕೆ ವಿರುದ್ಧವಾದ ಕೆಲಸ ಮಾಡುತ್ತದೆ: ಕೆಸರಿನಲ್ಲಿ ಕೂತ ಲೋಹವನ್ನು ಎಬ್ಬಿಸಿ ನೀರಿನೊಂದಿಗೆ ಕೆಳಗಿನ ಊರುಗಳಿಗೆ ಸಾಗಿಸುತ್ತದೆ. ಒಂದೇ ಜಾತಿಯ ಕೊಂಡಿಗಳಲ್ಲಿ ಒಂದು ಕೂರಿಸುತ್ತದೆ, ಇನ್ನೊಂದು ಎಬ್ಬಿಸುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ದೇಹದ ವಿಚಾರಕ್ಕೆ ಬಂದಾಗ ಇದೇ ಮಾತು ಮತ್ತೆ ಬರುತ್ತದೆ.

ಗಿಡಗಳು ಇದನ್ನು ತಮ್ಮದೇ ರೀತಿಯಲ್ಲಿ ನಿಭಾಯಿಸುತ್ತವೆ. ಬೇರಿನಿಂದ ಕ್ಯಾಡ್ಮಿಯಂ ಏರಿ ಬಂದಾಗ ಗಿಡವು ಗಂಧಕವುಳ್ಳ ಸಣ್ಣ ಸರಪಣಿಗಳನ್ನು ಹೊಸೆದು, ಲೋಹವನ್ನು ಅದರಲ್ಲಿ ಕಟ್ಟಿ, ಎಲೆಯ ಕೋಶಗಳೊಳಗಿನ ಚೀಲದಲ್ಲಿ ಬಚ್ಚಿಡುತ್ತದೆ. 1985ರಲ್ಲಿ ಜರ್ಮನಿಯ ವಿಜ್ಞಾನಿಗಳು ಈ ಸರಪಣಿಗಳನ್ನು ಗುರುತಿಸಿ ಫೈಟೋಕೀಲೇಟಿನ್ ಎಂದು ಕರೆದರು. ಗಿಡಕ್ಕೆ ಇದು ರಕ್ಷಣೆ. ಎಲೆ ಬಾಡುವುದಿಲ್ಲ, ಬಣ್ಣ ಕೆಡುವುದಿಲ್ಲ, ದಂಟು ಸೊಪ್ಪು ಪಾಲಕ್ ಸೊಪ್ಪು ನಳನಳಿಸುತ್ತಿರುತ್ತವೆ. ತಿನ್ನುವವರಿಗೆ ಅದೇ ಅಪಾಯ, ಏಕೆಂದರೆ ಕಣ್ಣಿಗಾಗಲಿ ನಾಲಗೆಗಾಗಲಿ ಸುಳಿವು ಸಿಗದು. ತೊಳೆದರೆ ಮೇಲಿನ ಮಣ್ಣು ಹೋಗುತ್ತದೆ, ಅದರೊಂದಿಗೆ ಸ್ವಲ್ಪ ಸೀಸವೂ ಹೋಗುತ್ತದೆ. ಒಳಗೆ ಕಟ್ಟಿಟ್ಟದ್ದು ಹೋಗದು. ಸಾಮಾನ್ಯವಾಗಿ ಸೊಪ್ಪಿನಲ್ಲಿ ಹೆಚ್ಚು, ಕಾಯಿಯಲ್ಲಿ ಕಡಿಮೆ. ಮೇವಿನ ಹುಲ್ಲಿನ ಮೂಲಕ ಹಸುವಿಗೆ ಹೋದದ್ದರಲ್ಲಿ ಬಹುಪಾಲು ಅದರ ಯಕೃತ್ತು, ಮೂತ್ರಪಿಂಡ, ಮೂಳೆಗಳಲ್ಲಿ ಉಳಿಯುತ್ತದೆ. ಹಾಲಿಗೆ ಇಳಿಯುವ ಪಾಲು ಸಣ್ಣದು.

ನಮ್ಮ ದೇಹದಲ್ಲಿಯೂ ಇಂತಹದೇ ವ್ಯವಸ್ಥೆಯಿದೆ. 1957ರಲ್ಲಿ ಕುದುರೆಯ ಮೂತ್ರಪಿಂಡದಲ್ಲಿ ಕ್ಯಾಡ್ಮಿಯಮನ್ನು ಹಿಡಿದುಕೊಂಡ ಪುಟ್ಟ ಪ್ರೋಟೀನೊಂದನ್ನು ಮಾರ್ಗೋಶಸ್ ಮತ್ತು ವ್ಯಾಲಿ ಕಂಡುಹಿಡಿದರು. ಅದರ ಹೆಸರು ಮೆಟಲೋಥಯೋನಿನ್. ನಮ್ಮ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿಯೂ ಅದಿದೆ. ಕ್ಯಾಡ್ಮಿಯಂ ಒಳಬಂದಾಗ ಅದನ್ನು ಬಿಗಿಯಾಗಿ ಹಿಡಿದು ಉಳಿದ ಅಂಗಗಳನ್ನು ಕಾಯುತ್ತದೆ. ಆದರೆ ಹಿಡಿದದ್ದನ್ನು ಹೊರಗೆ ಕಳುಹಿಸುವ ದಾರಿ ಅದಕ್ಕೆ ಗೊತ್ತಿಲ್ಲ. ಮೂತ್ರಪಿಂಡಕ್ಕೆ ಸೇರಿದ ಕ್ಯಾಡ್ಮಿಯಂ ಅರ್ಧದಷ್ಟಾದರೂ ಕರಗಲು 10ರಿಂದ 30 ವರ್ಷ ಬೇಕು. ವರ್ಷಗಳು ಕಳೆದು ಪಾತ್ರೆ ತುಂಬಿದಾಗ ಮೂತ್ರಪಿಂಡ ಸೋರತೊಡಗುತ್ತದೆ, ಮೂಳೆ ಮೆದುವಾಗುತ್ತದೆ. ಜಪಾನಿನ ತೊಯಾಮಾ ಪ್ರಾಂತದಲ್ಲಿ ಜಿನ್‌ಜು ನದಿಯ ನೀರಿನಲ್ಲಿ ಬೆಳೆದ ಅಕ್ಕಿಯುಂಡ ತಾಯಂದಿರಿಗೆ ಬಂದದ್ದು ಈ ರೋಗ. ಮೇಲೆ ಗಣಿಯಿತ್ತು, ಕೆಳಗೆ ಗದ್ದೆಗಳಿದ್ದವು. ಸಣ್ಣ ಕೆಮ್ಮಿಗೂ ಮೂಳೆ ಮುರಿಯುತ್ತಿತ್ತು. ನೋವಿನ ಉದ್ಗಾರವೇ ಆ ರೋಗಕ್ಕೆ "ಇತಾಯಿ-ಇತಾಯಿ" ಎಂಬ ಹೆಸರಾಯಿತು. 1968ರಲ್ಲಿ ಅಲ್ಲಿನ ಸರ್ಕಾರ ಅದನ್ನು ಮಾಲಿನ್ಯದ ರೋಗವೆಂದು ಒಪ್ಪಿತು. ಬೈರಮಂಗಲದಲ್ಲಿ ಅಂತಹ ರೋಗಿಯನ್ನು ನಾವು ಕಂಡಿಲ್ಲ, ಭಯ ಹುಟ್ಟಿಸುವುದು ನಮ್ಮ ಉದ್ದೇಶವೂ ಅಲ್ಲ. ಬೀಡಿ ಸೇದುವವರಿಗೆ ಮಾತ್ರ ಒಂದು ಮಾತು ಹೇಳಬೇಕು: ತಂಬಾಕಿನ ಗಿಡ ಕ್ಯಾಡ್ಮಿಯಮನ್ನು ಹೀರುವುದರಲ್ಲಿ ಮುಂದು, ಸೇದುವವರ ದೇಹದಲ್ಲಿ ಅದು ಸೇದದವರಿಗಿಂತ ಸುಮಾರು ಇಮ್ಮಡಿ ಸೇರಿರುತ್ತದೆ. ಕೆರೆಯನ್ನು ಬೈಯುತ್ತಾ ಬೀಡಿ ಹಚ್ಚುವ ಹಿರಿಯರನ್ನು ನಾವು ಬಹಳ ಮಂದಿ ಕಂಡಿದ್ದೇವೆ.

ಸೀಸ ಉಳಿಯುವುದು ಮೂಳೆಯಲ್ಲಿ. ಪ್ರಾಯದವರ ದೇಹದಲ್ಲಿರುವ ಸೀಸದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಅಲ್ಲಿಯೇ ಇರುತ್ತದೆ, ದಶಕಗಳ ಕಾಲ. ಬಸುರಿಯಾದಾಗ, ಮೊಲೆಯುಣಿಸುವಾಗ, ಮೂಳೆ ಮುರಿದು ಹಾಸಿಗೆ ಹಿಡಿದಾಗ ಮೂಳೆಯಿಂದ ಕ್ಯಾಲ್ಸಿಯಂ ಹೊರಬರುವಂತೆ ಸೀಸವೂ ಹೊರಬರುತ್ತದೆ. ಇದನ್ನು ಓದುವಾಗ ನಮ್ಮ ಅಗದತಂತ್ರದ ದೂಷೀವಿಷದ ಪ್ರಕರಣ ನೆನಪಿಗೆ ಬರದಿರದು. ಪೂರ್ಣ ವೀರ್ಯವಿಲ್ಲದ, ಒಮ್ಮೆಗೇ ಕೊಲ್ಲದ ವಿಷವು ಕಫದಿಂದ ಆವೃತವಾಗಿ ವರ್ಷಗಟ್ಟಲೆ ದೇಹದಲ್ಲಿ ಉಳಿದು, ಮೋಡ ಕವಿದ ದಿನ, ಹಗಲು ನಿದ್ರೆ, ಅಪಥ್ಯ ಆಹಾರಗಳಿಂದ ಕೆರಳುತ್ತದೆ ಎಂದು ಸುಶ್ರುತರು ಹೇಳಿದ್ದಾರೆ. ಅವರಿಗೆ ಕ್ಯಾಡ್ಮಿಯಂ ಗೊತ್ತಿತ್ತೆಂದು ನಾವು ವಾದಿಸುವವರಲ್ಲ. ಅಂತಹ ವಾದಗಳಿಂದ ಆಯುರ್ವೇದದ ಗೌರವ ಹೆಚ್ಚುವುದಿಲ್ಲ. ಮೆಲ್ಲನೆ ಸೇರಿ ಅಡಗಿ ಕೂರುವ ವಿಷವೂ ಒಂದಿದೆ, ಅದನ್ನು ಬೇರೆಯಾಗಿಯೇ ಕಾಣಬೇಕು ಎಂಬ ಅವರ ವಿವೇಕ ಮಾತ್ರ ಇಂದಿಗೂ ಬೆಳಕು ನೀಡುತ್ತದೆ.

ಇನ್ನು ಔಷಧದ ಮಾತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲ್ಯೂಯಿಸೈಟ್ ಎಂಬ ಶಂಖಪಾಷಾಣದ ಅನಿಲಾಸ್ತ್ರಕ್ಕೆ ಪ್ರತಿವಿಷವನ್ನು ಹುಡುಕುತ್ತಾ ಆಕ್ಸ್‌ಫರ್ಡಿನಲ್ಲಿ ಪೀಟರ್ಸ್ ಮತ್ತು ಸಂಗಡಿಗರು ಎರಡು ಗಂಧಕದ ಕೊಂಡಿಗಳುಳ್ಳ ಬಿಎಎಲ್ ಎಂಬ ಔಷಧವನ್ನು ಸಿದ್ಧಪಡಿಸಿದರು. ಕಡಲೆಕಾಯಿ ಎಣ್ಣೆಯಲ್ಲಿ ಬೆರೆಸಿ ಮಾಂಸಖಂಡದ ಆಳಕ್ಕೆ ಚುಚ್ಚಬೇಕಾದ, ಬಹಳ ನೋವು ಕೊಡುವ ಔಷಧವದು. 1956ರಲ್ಲಿ ವಾಲ್ಶ್ ಎಂಬ ವೈದ್ಯರು, ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ರೋಗಕ್ಕೆ ಪೆನಿಸಿಲಮೈನ್ ಎಂಬ ಬಂಧಕವನ್ನು ಬಳಸಿ ತೋರಿಸಿದರು. ಸಾವೇ ಗತಿಯೆಂದಿದ್ದ ರೋಗಿಗಳು ಬದುಕಿದರು. ಪದೇಪದೇ ರಕ್ತ ಪಡೆಯಬೇಕಾದ ಥಲಸೀಮಿಯಾದ ಮಕ್ಕಳ ದೇಹದಿಂದ ಹೆಚ್ಚಿನ ಕಬ್ಬಿಣವನ್ನು ತೆಗೆಯುವುದೂ ಇಂತಹ ಬಂಧಕಗಳೇ. ಸೀಸಕ್ಕೆ ಕ್ಯಾಲ್ಸಿಯಂ ಇಡಿಟಿಎಯ ಚುಚ್ಚುಮದ್ದು, ಸಕ್ಸಿಮರ್ ಎಂಬ ಗುಳಿಗೆ ಇವೆ. ಇವು ನಿಜವಾದ ಔಷಧಗಳು, ಸರಿಯಾದ ರೋಗಿಗೆ ಪ್ರಾಣದಾಯಕಗಳು. ಇದರಲ್ಲಿ ಸಂಶಯವಿಲ್ಲ.

ಆದರೆ ಈ ಕೊಂಡಿಗೆ ಮಿತ್ರ ಶತ್ರುಗಳ ಭೇದ ಪೂರ್ಣವಾಗಿ ತಿಳಿಯದು. ಸೀಸವನ್ನು ಹಿಡಿಯುವಾಗ ಸತುವನ್ನೂ ಹಿಡಿದು ಮೂತ್ರದಲ್ಲಿ ಒಯ್ಯುತ್ತದೆ. ಕ್ಯಾಡ್ಮಿಯಂ ವಿಷಯದಲ್ಲಂತೂ ಬಿಎಎಲ್ ಕೊಟ್ಟರೆ ಲೋಹ ಮೂತ್ರಪಿಂಡದ ಕಡೆಗೇ ಇನ್ನಷ್ಟು ಸಾಗಿ ಹಾನಿ ಹೆಚ್ಚುತ್ತದೆ. ವರ್ಷಗಳಿಂದ ಸೇರಿದ ಕ್ಯಾಡ್ಮಿಯಮನ್ನು ಮನುಷ್ಯರಲ್ಲಿ ಹೊರತೆಗೆಯುವ ಒಪ್ಪಿತ ಔಷಧ ಇಂದಿಗೂ ಇಲ್ಲ. ಕೆಸರಿನ ಲೋಹವನ್ನು ಎಬ್ಬಿಸಿದ ಬಂಧಕ ಕೆಳಗಿನ ಊರಿಗೆ ಸಾಗಿಸುತ್ತದೆಂದು ಮೇಲೆ ಹೇಳಿದೆವಲ್ಲ, ದೇಹದಲ್ಲಿ ಆ ಕೆಳಗಿನ ಊರು ಮೂತ್ರಪಿಂಡ. ಸೀಸದ ಮೂಲ ಇನ್ನೂ ಮನೆಯಲ್ಲಿಯೇ ಇರುವಾಗ ಬಂಧಕ ಕೊಟ್ಟರೆ ಕರುಳಿನಿಂದ ಸೀಸ ಇನ್ನಷ್ಟು ಹೀರಲ್ಪಡುವ ಸಂಭವವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಈ ವಿಚಾರದಲ್ಲಿ ಸ್ಪಷ್ಟವಾಗಿದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲವನ್ನು ಹುಡುಕಿ ತಡೆಯಬೇಕು. ಹತ್ತು ವರ್ಷದೊಳಗಿನ ಮಕ್ಕಳಿಗೆ ಬಂಧಕ ಚಿಕಿತ್ಸೆಯನ್ನು ಬಲವಾಗಿ ಶಿಫಾರಸು ಮಾಡುವುದು 45 ಮುಟ್ಟಿದಾಗ. ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ದೇಹವನ್ನು ತೊಳೆಸಿಕೊಳ್ಳಬೇಕೆಂದು ಅದರಲ್ಲಿ ಎಲ್ಲಿಯೂ ಇಲ್ಲ.

ಇಡಿಟಿಎಯಲ್ಲಿ ಎರಡು ಬಗೆಯುಂಟು. ಕ್ಯಾಲ್ಸಿಯಂ ಸೇರಿದ್ದು ಒಂದು, ಸೋಡಿಯಂ ಮಾತ್ರ ಇರುವುದು ಇನ್ನೊಂದು. ಎರಡನೆಯದು ನರದೊಳಗೆ ಹೋದರೆ ಸೀಸಕ್ಕೆ ಕಾಯದೆ ರಕ್ತದ ಕ್ಯಾಲ್ಸಿಯಮನ್ನೇ ಹಿಡಿದುಬಿಡುತ್ತದೆ. ಕ್ಯಾಲ್ಸಿಯಂ ಕುಸಿದರೆ ಹೃದಯ ನಿಲ್ಲುತ್ತದೆ. 2005ರ ಆಗಸ್ಟಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕನೊಬ್ಬ ಇಂತಹ ಚಿಕಿತ್ಸೆಯ ನಡುವೆ ಹೀಗೆಯೇ ಪ್ರಾಣ ಬಿಟ್ಟ. ಹೆಸರಿನಲ್ಲಿ ಒಂದು ಪದದ ವ್ಯತ್ಯಾಸ ಅಷ್ಟೆ. ನಗರದ ಹನಿ ಚಿಕಿತ್ಸೆಗೆ ಹಣ ಹೊಂದಿಸಿಟ್ಟುಕೊಂಡಿದ್ದ ನಮ್ಮ ರೈತರಿಗೆ ಈ ಘಟನೆಯನ್ನೇ ವಿವರಿಸಿದ್ದೆವು.

ಅವರ ರಕ್ತಪರೀಕ್ಷೆ ಬಂತು. ಡೆಸಿಲೀಟರಿಗೆ 68 ಮೈಕ್ರೋಗ್ರಾಂ ಸೀಸ. "ನಾನು ಹೇಳಲಿಲ್ಲವೇ, ಕೆರೆ" ಎಂದರು. ನಾವೂ ಹಾಗೆಯೇ ಭಾವಿಸಿದ್ದೆವು. ಆದರೂ ಅದೇ ಸೊಪ್ಪು ತಿನ್ನುವ, ಅದೇ ಕೊಳವೆಬಾವಿಯ ನೀರು ಕುಡಿಯುವ ಅವರ ಪತ್ನಿ ಮತ್ತು ಮಗನ ರಕ್ತವನ್ನೂ ಪರೀಕ್ಷೆಗೆ ಕಳುಹಿಸಿದೆವು. ಪತ್ನಿಗೆ 6, ಮಗನಿಗೆ 4. ಕೆರೆಯೇ ಕಾರಣವಾಗಿದ್ದರೆ ಒಂದೇ ಮನೆಯಲ್ಲಿ ಇಷ್ಟು ಅಂತರ ಬರುವುದು ಹೇಗೆ? ಅವರನ್ನು ಮತ್ತೆ ಕೂರಿಸಿಕೊಂಡು ಅವರೊಬ್ಬರೇ ಸೇವಿಸುವುದೇನೆಂದು ಕೇಳುತ್ತಾ ಹೋದೆವು. ಬಹಳ ಹೊತ್ತಿನ ಮೇಲೆ, ಸಂಕೋಚದಿಂದ, ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಸಕ್ಕರೆ ಕಾಯಿಲೆಗೆಂದು ಜಾತ್ರೆಯೊಂದರಲ್ಲಿ ಪರಿಚಯವಾದ ಪರವಾನಗಿಯಿಲ್ಲದ ಚಿಕಿತ್ಸಕನಿಂದ ಎಂಟು ತಿಂಗಳಿನಿಂದ ತರಿಸಿಕೊಳ್ಳುತ್ತಿದ್ದ ಪುಡಿ. ಪೊಟ್ಟಣದ ಮೇಲೆ ಹೆಸರಿಲ್ಲ, ಘಟಕಗಳಿಲ್ಲ. ಪುಡಿಯನ್ನು ಪರೀಕ್ಷೆಗೆ ಕಳುಹಿಸಿದಾಗ ಅದರಲ್ಲಿ ಸೀಸ ಹೇರಳವಾಗಿತ್ತು. "ಆಯುರ್ವೇದವಲ್ಲವೇ, ಅಡ್ಡ ಪರಿಣಾಮವಿಲ್ಲವೆಂದು ತೆಗೆದುಕೊಂಡೆ" ಎಂದರು ಅವರು.

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಓದುಗರ ಮುಂದೆ ಮುಚ್ಚಿಡುವುದೇನಿದೆ, ವೃತ್ತಿಯ ಮೊದಲ ವರ್ಷಗಳಲ್ಲಿ ನಾವೂ ಪರಿಚಿತರೊಬ್ಬರು ತಯಾರಿಸಿಕೊಟ್ಟ ಭಸ್ಮಗಳನ್ನು ಯಾವ ಪ್ರಯೋಗಶಾಲೆಯ ವರದಿಯನ್ನೂ ಕೇಳದೆ ರೋಗಿಗಳಿಗೆ ಕೊಟ್ಟಿದ್ದೇವೆ. ಗುರುಗಳ ಮೇಲಿನ ನಂಬಿಕೆ, ಗ್ರಂಥದ ಮೇಲಿನ ನಂಬಿಕೆ. ರಸಶಾಸ್ತ್ರದಲ್ಲಿ ಭಸ್ಮಕ್ಕೆ ಪರೀಕ್ಷೆಗಳಿವೆ ನಿಜ: ಬೆರಳ ಗೆರೆಯಲ್ಲಿ ತುಂಬಬೇಕು, ನೀರಿನ ಮೇಲೆ ತೇಲಬೇಕು, ಜೇನು ತುಪ್ಪ ಬೆಲ್ಲ ಮೊದಲಾದವುಗಳೊಂದಿಗೆ ಕಾಯಿಸಿದರೂ ಮತ್ತೆ ಲೋಹವಾಗಬಾರದು. ಇವು ಭಸ್ಮದ ಸೂಕ್ಷ್ಮತೆಯನ್ನು ಹೇಳುತ್ತವೆ, ಲೋಹರೂಪ ಹೋಗಿದೆಯೆಂದು ಹೇಳುತ್ತವೆ. ನಾಗಭಸ್ಮದ ಸೀಸ ಜಠರದ ಆಮ್ಲದಲ್ಲಿ ಕರಗಿ ರಕ್ತಕ್ಕೆ ಸೇರುವುದಿಲ್ಲವೆಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ರೋಗಿಯ ರಕ್ತ. 2004ರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಶಂಖಪಾಷಾಣ ಸಿಕ್ಕಿತೆಂಬ ವರದಿ ಬಂದಾಗ ನಮ್ಮಲ್ಲಿ ಅನೇಕರು ಅದನ್ನು ಪಾಶ್ಚಾತ್ಯರ ಪಿತೂರಿಯೆಂದರು. ನಾವು ಹಾಗೆನ್ನಲಿಲ್ಲ, ಆದರೆ ಸುಮ್ಮನಿದ್ದೆವು. 2006ರ ಜನವರಿಯಿಂದ ರಫ್ತಾಗುವ ಗಿಡಮೂಲಿಕೆ ಔಷಧಗಳಿಗೆ ಲೋಹಪರೀಕ್ಷೆಯನ್ನು ನಮ್ಮ ಸರ್ಕಾರವೇ ಕಡ್ಡಾಯಗೊಳಿಸಿತು. ಹೊರದೇಶದವರಿಗೆ ಬೇಕಾದ ಎಚ್ಚರಿಕೆ ನಮ್ಮ ರೈತರಿಗೆ ಬೇಡವೇ? ಅಂದಿನಿಂದ ಪರವಾನಗಿ ಸಂಖ್ಯೆ, ತಂಡದ ಸಂಖ್ಯೆ, ಘಟಕಗಳ ಪಟ್ಟಿ ಇಲ್ಲದ ಯಾವ ಔಷಧವನ್ನೂ ನಾವು ಮುಟ್ಟುವುದಿಲ್ಲ. ಸೀಸದ ಭಸ್ಮವನ್ನಂತೂ ಪೂರ್ಣವಾಗಿ ಬಿಟ್ಟಿದ್ದೇವೆ.

ಹಾಗಾದರೆ ಕೆರೆ ನಿರ್ದೋಷಿಯೇ? ಇಲ್ಲ. ಪತ್ನಿಯ 6 ಎಂಬ ಅಂಕಿಯನ್ನು ನಾವು ಮರೆತಿಲ್ಲ. ಅದು ಕೆರೆಯದೇ, ಹಳೆಯ ಬಣ್ಣದ್ದೇ, ಪಾತ್ರೆಯದೇ, ಸೀಸ ಬೆರೆತ ಪೆಟ್ರೋಲು 2000ದಲ್ಲಿ ನಿಲ್ಲುವ ಮುನ್ನ ಮೂಳೆಗೆ ಸೇರಿದ್ದೇ, ಒಂದು ಪರೀಕ್ಷೆಯಿಂದ ಹೇಳಲು ಬರುವುದಿಲ್ಲ. ಕೆರೆಯನ್ನು ಶುದ್ಧಗೊಳಿಸುವುದು ನೀರನ್ನು ಬಿಡುವವರ ಹೊಣೆ, ಅದಕ್ಕಾಗಿ ಗ್ರಾಮಸ್ಥರು ದನಿಯೆತ್ತುತ್ತಿರುವುದು ನ್ಯಾಯವೇ ಆಗಿದೆ. ಅಲ್ಲಿಯವರೆಗೆ ಮನೆಯೊಳಗೆ ಮಾಡಬಹುದಾದದ್ದನ್ನು ಮಾಡಬೇಕು.

ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಕುಡಿಯಲು ಮತ್ತು ಅಡುಗೆಗೆ ಗ್ರಾಮದ ಶುದ್ಧ ನೀರಿನ ಘಟಕದ ನೀರನ್ನೇ ಬಳಸಬೇಕು. ಕಾಲುವೆ ನೀರಿನ ಜಮೀನಿನಲ್ಲಿ ಮನೆಗೆಂದು ಸೊಪ್ಪು ಬೆಳೆಯದೆ, ಅಂಗಳದಲ್ಲಿ ಒಳ್ಳೆಯ ನೀರಿನಿಂದ ನಾಲ್ಕು ಮಡಿ ಬೆಳೆಯುವುದು ಲೇಸು. ಇದಕ್ಕಿಂತ ಮುಖ್ಯವಾದದ್ದು ಊಟ. ಕರುಳಿನಲ್ಲಿ ಕಬ್ಬಿಣವನ್ನು ಒಳಕರೆಯುವ ಬಾಗಿಲಿನಿಂದಲೇ ಕ್ಯಾಡ್ಮಿಯಮ್ಮೂ ನುಸುಳುತ್ತದೆ. ರಕ್ತಹೀನತೆಯಿರುವ ತಾಯಿಯಲ್ಲಿ ಆ ಬಾಗಿಲು ಅಗಲವಾಗಿ ತೆರೆದಿರುತ್ತದೆ. ಕ್ಯಾಲ್ಸಿಯಂ ಕೊರತೆಯಿರುವ ಮಗುವಿನಲ್ಲಿ ಸೀಸಕ್ಕೆ ಅದೇ ರೀತಿ ದಾರಿ ಸುಗಮ. ನುಂಗಿದ ಸೀಸದಲ್ಲಿ ಪ್ರಾಯದವರು ಹತ್ತರಲ್ಲಿ ಒಂದು ಪಾಲನ್ನು ಹೀರಿದರೆ ಮಕ್ಕಳು ನಾಲ್ಕೈದು ಪಾಲನ್ನು ಹೀರುತ್ತಾರೆ, ಹಸಿದ ಹೊಟ್ಟೆಯಲ್ಲಿ ಇನ್ನೂ ಹೆಚ್ಚು. ಮಕ್ಕಳನ್ನು ಬರಿಹೊಟ್ಟೆಯಲ್ಲಿ ಶಾಲೆಗೆ ಕಳುಹಿಸಬಾರದೆಂದು ನಾವು ಹಟ ಹಿಡಿಯುವುದು ಇದಕ್ಕೆ.

ನಮ್ಮ ಸೀಮೆಯ ರಾಗಿ ಇಲ್ಲಿ ದೊಡ್ಡ ಆಸರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ರಾಗಿಯ ಹೊಟ್ಟಿನಲ್ಲಿ ಫೈಟಿಕ್ ಆಮ್ಲ, ಟ್ಯಾನಿನ್ ಎಂಬ ಲೋಹಬಂಧಕಗಳಿದ್ದು ಕಬ್ಬಿಣ, ಸತು, ಕ್ಯಾಲ್ಸಿಯಂಗಳನ್ನು ಹಿಡಿದುಕೊಳ್ಳುತ್ತವೆ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿದರೆ, ಅಂಬಲಿಯನ್ನು ರಾತ್ರಿ ಹುಳಿ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ನಮ್ಮ ಅಜ್ಜಿಯರು ಎಳೆಯ ಮಕ್ಕಳಿಗೆ ಮೊಳಕೆ ರಾಗಿಯ ಮಣ್ಣಿಯನ್ನೇ ಕೊಡುತ್ತಿದ್ದರು. ಮುದ್ದೆಯೊಂದಿಗೆ ನಿಂಬೆಯ ಹುಳಿ ಸೇರಿದರೆ ಕಬ್ಬಿಣ ಒಳಸೇರುತ್ತದೆ, ಊಟವಾದೊಡನೆ ಕಾಫಿ ಚಹಾ ಕುಡಿದರೆ ಅದು ಕೈತಪ್ಪುತ್ತದೆ. ಹುಳಿಯೂ ಒಂದು ಕೊಂಡಿಯೇ ಆದುದರಿಂದ ಪಾತ್ರೆಯ ಬಗ್ಗೆ ಎಚ್ಚರವಿರಲಿ. ದಾಸೋಹದ ಹಿತ್ತಾಳೆ ಕೊಪ್ಪರಿಗೆಗಳಿಗೆ ಹಿಂದೆ ಕಾಲಕಾಲಕ್ಕೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿ ಸವೆದ ಪಾತ್ರೆಯಲ್ಲಿ ಹುಣಸೆ ಸಾರು ಕುದಿಸಿದರೆ ಕಿಲುಬು ಏಳುತ್ತದೆ. ಕಲಾಯಿಗೆ ಶುದ್ಧ ತವರವನ್ನೇ ಬಳಸಬೇಕು, ಅಗ್ಗವಾಗಲೆಂದು ಸೀಸ ಬೆರೆಸುವವರಿದ್ದಾರೆ. ಕೊತ್ತಂಬರಿ ಸೊಪ್ಪಿನ ರಸ ಕುಡಿದರೆ ಲೋಹವೆಲ್ಲ ಹೊರಹೋಗುತ್ತದೆಂಬ ಸಂದೇಶ ಮೊಬೈಲುಗಳಲ್ಲಿ ಓಡಾಡುತ್ತಿದೆ. ಕೊತ್ತಂಬರಿ ರುಚಿಗೆ ಒಳ್ಳೆಯದು. ಸೀಸ ಸೇರಿದ ರೋಗಿಗೆ ಅದನ್ನು ನಂಬಿ ನಾವು ಯಾರಿಗೂ ಕೊಡುವುದಿಲ್ಲ.

ನಮ್ಮ ರೈತರ ಪುಡಿಯನ್ನು ನಿಲ್ಲಿಸಿ, ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಅಲ್ಲಿನ ವೈದ್ಯರು ಸಕ್ಸಿಮರ್ ಗುಳಿಗೆಯನ್ನು 19 ದಿನ ಕೊಟ್ಟರು. ಕೊಳೆತ ಮೊಟ್ಟೆಯ ವಾಸನೆಯ ಆ ಗುಳಿಗೆಯನ್ನು ನುಂಗುವುದು ಶುದ್ಧ ಶಾಕಾಹಾರಿಯಾದ ಅವರಿಗೆ ದೊಡ್ಡ ಶಿಕ್ಷೆಯಾಯಿತು. ಅದರಲ್ಲಿ ಮೊಟ್ಟೆಯಿಲ್ಲ, ಗಂಧಕವಿದೆಯೆಂದು ಎರಡು ಬಾರಿ ಫೋನಿನಲ್ಲಿ ತಿಳಿಸಿ ಹೇಳಬೇಕಾಯಿತು. ಸೀಸ 27ಕ್ಕೆ ಇಳಿಯಿತು. ತಿಂಗಳಾದ ಮೇಲೆ ಮತ್ತೆ 38 ಆಯಿತು. ಮೂಳೆ ತನ್ನಲ್ಲಿದ್ದುದನ್ನು ರಕ್ತಕ್ಕೆ ಬಿಡುತ್ತಿತ್ತು. ಅವರು ಗಾಬರಿಯಾದರು, ನಮಗೆ ಇದು ನಿರೀಕ್ಷಿತವಾಗಿತ್ತು. ಹೊಟ್ಟೆನೋವು ಅಷ್ಟರಲ್ಲಿ ನಿಂತಿತ್ತು. ಮಣಿಕಟ್ಟಿಗೆ ಆರು ತಿಂಗಳು ಹಿಡಿಯಿತು. ಸಕ್ಕರೆ ಕಾಯಿಲೆಗೆ ಈಗ ತಾಲ್ಲೂಕು ಆಸ್ಪತ್ರೆಯ ಮಾತ್ರೆ, ನಮ್ಮಿಂದ ಪಥ್ಯ.

ಕಳೆದ ಬಾರಿ ಬಂದಾಗ ಅಂಕಿ 16ಕ್ಕೆ ಇಳಿದಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು, ಎರಡು ಟ್ರ್ಯಾಕ್ಟರ್ ಕೆರೆಗೋಡು ಹೊಲದ ಅಂಚಿನಲ್ಲಿ ಹಾಗೆಯೇ ಬಿದ್ದಿದೆ, ಅದನ್ನೇನು ಮಾಡಲಿ ಎಂದು ಕೇಳಿದರು. ಒಂದು ಸೇರು ಮಣ್ಣನ್ನು ಚೀಲದಲ್ಲಿ ಕಟ್ಟಿ ಕೃಷಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗೆ ಕೊಡಿ, ಉತ್ತರ ಬರುವವರೆಗೆ ಸೊಪ್ಪಿನ ಮಡಿಗೆ ಹಾಕಬೇಡಿ, ಮಕ್ಕಳು ಅದರ ಮೇಲೆ ಆಡದಂತೆ ನೋಡಿಕೊಳ್ಳಿ ಎಂದೆವು.